ಪಲ್ಲವಿ ಬಿಟ್ಟು ಚರಣ ಕೇಳಿ ನೋಡಿ

‘ಬಾರ್ನ್ ಇನ್ ದ ಯುಎಸ್ಎ’ ದೇಶಭಕ್ತಿ ಗೀತೆ ಅಲ್ವಾ, ಗೆಳೆಯ ಯಾಕೆ ನಕ್ಕ ಅಂತ ಕೇಳಿದ್ದೀರಿ. ಅವರು ನಕ್ಕಿದ್ದು ಸರಿಯೇ. ಆದರೆ ನಿಮ್ಮದೇನೂ ಅಪರೂಪದ ತಪ್ಪಲ್ಲ. 1984ರ ಚುನಾವಣಾ ಪ್ರಚಾರದಲ್ಲಿ ಆಗಿನ ಅಮೆರಿಕ ಅಧ್ಯಕ್ಷ ರೊನಾಲ್ಡ್ ರೇಗನ್ ಕೂಡ ಈ ಹಾಡು ಬರೆದು ಹಾಡಿದ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಹಾಡುಗಳಲ್ಲಿ ಭರವಸೆಯ ಸಂದೇಶ ಇದೆ ಎಂದು ಹೊಗಳಿದ್ದರು!

ಪಲ್ಲವಿಯ ಅಬ್ಬರ ಸ್ವಲ್ಪ ಮರೆತುಬಿಡಿ. ಚರಣಗಳಲ್ಲಿ ಇರುವುದು ವಿಯೆಟ್ನಾಂ ಯುದ್ಧದಿಂದ ಮರಳಿದವನ ಕತೆ. ಊರಲ್ಲಿ ಕೆಲಸ ಸಿಗುವುದಿಲ್ಲ, ಸರ್ಕಾರಿ ಕಚೇರಿಯಲ್ಲೂ ಕೈ ಚೆಲ್ಲುತ್ತಾರೆ. ಅವನ ಸೋದರ ಅದೇ ಯುದ್ಧದಲ್ಲಿ, ಖೆ ಸಾನ್‌ನಲ್ಲಿ ಸತ್ತಿದ್ದಾನೆ. ಇಷ್ಟಾದ ಮೇಲೆ ಪಲ್ಲವಿಯಲ್ಲಿ ‘ನಾನು ಇಲ್ಲೇ ಹುಟ್ಟಿದವನು’ ಅಂದರೆ ಅದು ಹೆಮ್ಮೆಯೋ, ಹೊಟ್ಟೆ ಉರಿದು ಕೂಗಿದ್ದೋ? ನನಗಂತೂ ಎರಡೂ ಕೇಳಿಸುತ್ತದೆ. 1982ರಲ್ಲಿ ಬರೀ ಗಿಟಾರ್ ಹಿಡಿದು ಹಾಡಿದ ರೂಪವೂ ಸಿಗುತ್ತದೆ. ಅದನ್ನು ಕೇಳಿದರೆ ಇದು ಬರೀ ದೇಶ ಹೊಗಳುವ ಹಾಡಲ್ಲ ಅನ್ನುವುದರಲ್ಲಿ ಅನುಮಾನವೇ ಉಳಿಯುವುದಿಲ್ಲ.

ಇಂಥದ್ದೇ ಇನ್ನೊಂದು ಬೇಕಿದ್ದರೆ ಐರ್ಲೆಂಡಿನ ಕ್ರ್ಯಾನ್‌ಬೆರೀಸ್ ತಂಡದ ‘ಜೋಂಬಿ’ (1994). ಭೂತದ ಹಾಡು ಅಂದುಕೊಂಡು ಸುಮ್ನೆ ಕುಣಿಯುವವರೇ ಜಾಸ್ತಿ. 1993ರಲ್ಲಿ ಇಂಗ್ಲೆಂಡಿನ ವಾರಿಂಗ್ಟನ್‌ನಲ್ಲಿ ಐಆರ್‌ಎ ಎಂಬ ಐರಿಷ್ ಸಶಸ್ತ್ರ ಗುಂಪಿನ ಬಾಂಬಿಗೆ ಇಬ್ಬರು ಹುಡುಗರು ಬಲಿಯಾದರು. ಆ ಸಿಟ್ಟಲ್ಲಿ ಹುಟ್ಟಿದ ಹಾಡದು.

ಹಾಂ, ಎಲ್ಲ ಹಾಡಲ್ಲೂ ರಾಜಕೀಯ ಹುಡುಕಲು ಹೋಗಬೇಡಿ. ಕೆಲವು ನಿಜಕ್ಕೂ ಬರೀ ಕಾರಿನ ಬಗ್ಗೆಯೇ ಇರುತ್ತವೆ.