ಓದುಗರ ಪ್ರಶ್ನೆ: ಎಕ್ಸ್‌ರೇ ನಾರ್ಮಲ್, ಆದರೂ ಪ್ಲಾಸ್ಟರ್ ಯಾಕೆ?

(ಎಕ್ಸ್‌ರೇ ಬಗ್ಗೆ ಬಂದ ಪತ್ರಗಳಲ್ಲಿ ನಾಲ್ಕನ್ನು ಆರಿಸಿಕೊಂಡಿದ್ದೇನೆ. ದಿನವಿಡೀ ಎಕ್ಸ್‌ರೇ ನೋಡಿ ರಿಪೋರ್ಟ್ ಬರೆಯುವ ರೇಡಿಯಾಲಜಿಸ್ಟ್ ನಾನು. ಈ ಪ್ರಶ್ನೆಗಳನ್ನು ರೋಗಿಗಳು ನನ್ನ ಬಾಗಿಲಲ್ಲಿ ನಿಂತೂ ಕೇಳುತ್ತಾರೆ.)

ಪ್ರಶ್ನೆ: ಜಾರಿ ಬೀಳುವಾಗ ಕೈ ಊರಿದೆ. ಹೆಬ್ಬೆರಳಿನ ಬುಡದ ಹತ್ತಿರ ಮಣಿಕಟ್ಟು ನೋಯುತ್ತಿದೆ. ಎಕ್ಸ್‌ರೇಯಲ್ಲಿ ಮುರಿತ ಇಲ್ಲ ಅಂದರು. ಆದರೂ ಪ್ಲಾಸ್ಟರ್ ಹಾಕಿ, ಎರಡು ವಾರ ಬಿಟ್ಟು ಇನ್ನೊಂದು ಎಕ್ಸ್‌ರೇಗೆ ಬರಲು ಹೇಳಿದ್ದಾರೆ. ಸುಮ್ನೆ ಖರ್ಚು ಅಲ್ವಾ?

ಅಲ್ಲ. ನಿಮ್ಮ ಡಾಕ್ಟರ್ ಸರಿಯಾಗಿಯೇ ಮಾಡಿದ್ದಾರೆ. ದಯವಿಟ್ಟು ಪ್ಲಾಸ್ಟರ್ ತೆಗೆಸಬೇಡಿ.

ಎಕ್ಸ್‌ರೇ ಅಂದರೆ ನೆರಳು. ಟ್ಯೂಬಿನಿಂದ ಹೊರಟ ಕಿರಣ ದೇಹದ ಮೂಲಕ ಹಾದು ಆ ಕಡೆಯ ಫಲಕದ ಮೇಲೆ ಬೀಳುತ್ತದೆ. ದಾರಿಯಲ್ಲಿ ಯಾವುದು ಎಷ್ಟು ಕಿರಣ ತಡೆಯಿತು ಅನ್ನುವುದೇ ಚಿತ್ರ. ಗಾಳಿ ಹೆಚ್ಚುಕಡಿಮೆ ಏನನ್ನೂ ತಡೆಯುವುದಿಲ್ಲ, ಅದಕ್ಕೇ ಶ್ವಾಸಕೋಶ ಕಪ್ಪು. ಕೊಬ್ಬು ಕಡುಬೂದು. ಸ್ನಾಯು, ರಕ್ತ, ನೀರು ಮೂರೂ ಒಂದೇ ಬೂದು, ಅವುಗಳಲ್ಲಿ ಯಾವುದು ಯಾವುದು ಅಂತ ಬಣ್ಣ ನೋಡಿ ಹೇಳಲಾಗದು. ಮೂಳೆಯಲ್ಲಿ ಕ್ಯಾಲ್ಸಿಯಂ ಇರುವುದರಿಂದ ಅದು ಬಿಳಿ. ಲೋಹ ಅಚ್ಚ ಬಿಳಿ. 1895ರ ಡಿಸೆಂಬರಿನಲ್ಲಿ, ಎಕ್ಸ್‌ರೇ ಕಂಡುಹಿಡಿದ ವಿಲ್‌ಹೆಲ್ಮ್ ರಾಂಟ್ಜನ್ ತಮ್ಮ ಹೆಂಡತಿಯ ಕೈಯ ಚಿತ್ರ ತೆಗೆದರಲ್ಲ, ಅದರಲ್ಲೂ ಎದ್ದು ಕಂಡದ್ದು ಬೆರಳಿನ ಮೂಳೆ ಮತ್ತು ಉಂಗುರ.

ಮೂಳೆ ಬಿರುಕು ಬಿಟ್ಟು ತುಂಡುಗಳು ಒಂಚೂರೂ ಸರಿಯದೆ ಕೂತಿದ್ದರೆ, ಆ ಬಿರುಕು ಮೊದಲ ಎಕ್ಸ್‌ರೇಯಲ್ಲಿ ಕಾಣದೇ ಹೋಗಬಹುದು. ನಿಮಗೆ ನೋಯುತ್ತಿರುವ ಜಾಗದಲ್ಲಿ ಸ್ಕೇಫಾಯ್ಡ್ ಅನ್ನುವ ಪುಟ್ಟ ಮೂಳೆ ಇದೆ. ಹೆಬ್ಬೆರಳನ್ನು ಮೇಲಕ್ಕೆ ಸೆಟೆದು ಹಿಡಿಯಿರಿ. ಬುಡದಲ್ಲಿ ಎರಡು ನರದಂಥ ಹುರಿಗಳು ಎದ್ದು, ಮಧ್ಯೆ ಒಂದು ಗುಳಿ ಕಾಣುತ್ತದೆ. ಅಲ್ಲಿ ಒತ್ತಿದಾಗ ನೋವಾದರೆ, ಮೊದಲ ದಿನದ ಎಕ್ಸ್‌ರೇ ಏನೇ ಹೇಳಲಿ, ಮೂಳೆ ಮುರಿದಿರಬಹುದು ಅಂತಲೇ ನೋಡಿಕೊಳ್ಳಬೇಕು. ಹತ್ತರಿಂದ ಹದಿನಾಲ್ಕು ದಿನ ಕಳೆದರೆ ಬಿರುಕಿನ ಅಂಚಿನ ಮೂಳೆ ಸ್ವಲ್ಪ ಕರಗಿ ಗೆರೆ ಅಗಲವಾಗುತ್ತದೆ. ಆಗ ಕಾಣುತ್ತದೆ. ಎರಡನೇ ಎಕ್ಸ್‌ರೇ ಅದಕ್ಕೆ. ಅಷ್ಟು ದಿನ ಕಾಯುವ ಹಾಗಿಲ್ಲದಿದ್ದರೆ ಎಂಆರ್‌ಐ ಮೊದಲೇ ತೋರಿಸುತ್ತದೆ.

ಇಷ್ಟು ಜಾಗ್ರತೆ ಯಾಕೆ ಅಂದರೆ, ಈ ಮೂಳೆಗೆ ರಕ್ತ ಬರುವುದು ಹೆಚ್ಚಾಗಿ ಬೆರಳಿನ ಕಡೆಯ ತುದಿಯಿಂದ. ನಡುವೆ ಮುರಿದರೆ ತೋಳಿನ ಕಡೆಯ ತುಂಡಿಗೆ ರಕ್ತ ತಪ್ಪಿ ಅದು ಸಾಯಬಹುದು. ಮಣಿಕಟ್ಟಿನ ನೋವು ಆಮೇಲೆ ವರ್ಷಗಟ್ಟಲೆ ಕಾಡುತ್ತದೆ. ಎರಡು ವಾರದ ಪ್ಲಾಸ್ಟರ್ ಅದರ ಮುಂದೆ ಏನೂ ಅಲ್ಲ.

ಪ್ರಶ್ನೆ: ತಂದೆಯವರು ಐಸಿಯುನಲ್ಲಿ ಇದ್ದಾಗ ಹಾಸಿಗೆಯಲ್ಲೇ ತೆಗೆದ ಎಕ್ಸ್‌ರೇಯಲ್ಲಿ ಹೃದಯ ದೊಡ್ಡದಾಗಿ ಕಾಣುತ್ತಿದೆ ಅಂತ ಬರೆದಿದ್ದರು. ಆರು ತಿಂಗಳ ಹಿಂದಿನದರಲ್ಲಿ ನಾರ್ಮಲ್ ಇತ್ತು. ಇಷ್ಟು ಬೇಗ ಹೃದಯ ದೊಡ್ಡದಾಗುತ್ತದಾ?

ಆ ಎರಡು ಚಿತ್ರಗಳನ್ನು ಹಾಗೇ ಪಕ್ಕಪಕ್ಕ ಇಟ್ಟು ಹೋಲಿಸುವಂತಿಲ್ಲ. ಗೋಡೆಯ ಮುಂದೆ ದೀಪ ಹಿಡಿದು ಕೈ ಅಡ್ಡ ಇಟ್ಟು ನೋಡಿ. ಕೈ ಗೋಡೆಗೆ ಹತ್ತಿರವಿದ್ದರೆ ನೆರಳು ಕೈಯಷ್ಟೇ, ದೀಪದ ಕಡೆ ಸರಿದರೆ ನೆರಳು ದೊಡ್ಡದು. ಹೃದಯ ಇರುವುದು ಎದೆಯ ಮುಂಭಾಗದಲ್ಲಿ. ಅದಕ್ಕೇ ನಡೆದಾಡುವ ರೋಗಿಯನ್ನು ಎದೆ ಫಲಕಕ್ಕೆ ತಾಗುವ ಹಾಗೆ ನಿಲ್ಲಿಸಿ, ಬೆನ್ನ ಹಿಂದೆ ಸುಮಾರು ಆರು ಅಡಿ ದೂರದಿಂದ ಕಿರಣ ಬಿಡುತ್ತಾರೆ. ಕೈ ಸೊಂಟದ ಮೇಲಿಟ್ಟು ಮೊಣಕೈ ಮುಂದೆ ತರಲು ಹೇಳುವುದು ಹೆಗಲ ಮೂಳೆಗಳು ಶ್ವಾಸಕೋಶದ ಮೇಲಿಂದ ಪಕ್ಕಕ್ಕೆ ಹೋಗಲಿ ಅಂತ. ಉಸಿರು ಪೂರ್ತಿ ಎಳೆದು ಹಿಡಿದಾಗ ಶ್ವಾಸಕೋಶ ಚೆನ್ನಾಗಿ ಅರಳುತ್ತದೆ. ಅರ್ಧ ಉಸಿರಿನಲ್ಲಿ ತೆಗೆದರೆ ಕೆಳಭಾಗ ಒತ್ತಿಕೊಂಡು, ಇಲ್ಲದ ನ್ಯುಮೋನಿಯಾ ಇದ್ದ ಹಾಗೆ ಕಾಣಬಹುದು.

ಹಾಸಿಗೆಯ ರೋಗಿಗೆ ಇದ್ಯಾವುದೂ ಆಗುವುದಿಲ್ಲ. ಫಲಕ ಬೆನ್ನ ಕೆಳಗೆ, ಟ್ಯೂಬು ಮೇಲೆ ಹತ್ತಿರದಲ್ಲಿ, ಉಸಿರು ಎಷ್ಟು ಬಂತೋ ಅಷ್ಟೇ. ಹೃದಯದ ನೆರಳು ಹಿಗ್ಗಲೇಬೇಕು. ನಿಂತು ತೆಗೆದ ಚಿತ್ರದಲ್ಲಿ ದೊಡ್ಡವರ ಹೃದಯದ ಅಗಲ ಎದೆಯ ಒಳ ಅಗಲದ ಅರ್ಧ ಮೀರಬಾರದು ಅನ್ನುವ ಲೆಕ್ಕವಿದೆ. ಮಲಗಿಸಿ ತೆಗೆದದ್ದಕ್ಕೆ ಆ ಲೆಕ್ಕ ನಂಬುವ ಹಾಗಿಲ್ಲ. ನಿಜವಾಗಿ ಹೃದಯ ಹಿಗ್ಗಿದೆಯಾ ಅಂತ ತಿಳಿಯಲು ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿಸಲು ಕೇಳಿ. ಐಸಿಯುನಲ್ಲಿ ಎಕ್ಸ್‌ರೇ ತೆಗೆಯುವ ಉದ್ದೇಶವೇ ಬೇರೆ. ಉಸಿರಿನ ಟ್ಯೂಬು ಸರಿಯಾದ ಜಾಗದಲ್ಲಿದೆಯಾ, ಶ್ವಾಸಕೋಶದ ಸುತ್ತ ಗಾಳಿ ಸೋರಿದೆಯಾ, ಇಂಥದ್ದನ್ನು ನಾನು ಮೊದಲು ನೋಡುತ್ತೇನೆ.

ಪ್ರಶ್ನೆ: ಆರು ವರ್ಷದ ಮಗಳಿಗೆ ಒಂದೇ ವರ್ಷದಲ್ಲಿ ಮೂರು ಸಲ ಎದೆ ಎಕ್ಸ್‌ರೇ ಆಗಿದೆ. ಹೊಟ್ಟೆಗೆ ಸೀಸದ ಏಪ್ರನ್ ಕೂಡ ಹಾಕಲಿಲ್ಲ. ತುಂಬಾ ಭಯವಾಗಿದೆ.

ಭಯ ಬಿಡಿ. ನಾವೆಲ್ಲ ಮಣ್ಣು, ಗಾಳಿ, ಆಕಾಶದಿಂದ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ (ವಿಕಿರಣದ ಡೋಸ್ ಅಳೆಯುವ ಮಾನ) ವಿಕಿರಣ ಪಡೆಯುತ್ತಲೇ ಇರುತ್ತೇವೆ. ಎದುರಿನಿಂದ ತೆಗೆದ ಒಂದು ಎದೆ ಎಕ್ಸ್‌ರೇ ಸುಮಾರು 0.02 ಮಿಲಿಸೀವರ್ಟ್, ಅಂದರೆ ಮೂರು ದಿನದ ಪಾಲು. ಕಿರಣ ಮೈಯಲ್ಲಿ ಉಳಿಯುವುದೂ ಇಲ್ಲ. ಏಪ್ರನ್ ವಿಚಾರ: ರೋಗಿಗೆ ಅದನ್ನು ಹೊದಿಸುವ ಪದ್ಧತಿ ಇತ್ತೀಚೆಗೆ ಹಲವೆಡೆ ಕೈಬಿಡುತ್ತಿದ್ದಾರೆ. ಈಗಿನ ಯಂತ್ರಗಳಲ್ಲಿ ಅದರಿಂದ ಲಾಭ ಅಷ್ಟಕ್ಕಷ್ಟೇ, ಬೇಕಾದ ಭಾಗಕ್ಕೆ ಅಡ್ಡ ಬಂದರೆ ಎಕ್ಸ್‌ರೇ ಮತ್ತೆ ತೆಗೆಯಬೇಕಾಗುತ್ತದೆ. ಮಗುವನ್ನು ಹಿಡಿದುಕೊಂಡು ಪಕ್ಕ ನಿಲ್ಲುವವರು ಮಾತ್ರ ಏಪ್ರನ್ ಹಾಕಲೇಬೇಕು, ಗರ್ಭಿಣಿಯರು ಆ ಕೆಲಸಕ್ಕೆ ಹೋಗಬಾರದು.

ಆದರೆ ಮೂರನೆಯದು ಯಾಕೆ ಬೇಕಾಯಿತು ಅಂತ ನೀವು ಕೇಳಬಹುದು, ಕೇಳಬೇಕು. ಕೆಮ್ಮು, ಜ್ವರ ಬಿಟ್ಟು ಆಡಿಕೊಂಡಿರುವ ಮಗುವಿಗೆ "ಕ್ಲಿಯರ್ ಆಗಿದೆಯಾ ನೋಡೋಣ" ಅಂತ ಮತ್ತೆ ಎಕ್ಸ್‌ರೇ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಇನ್ನು ಸಿಟಿ ಸ್ಕ್ಯಾನ್ ಅಂದರೆ ಅದೂ ಎಕ್ಸ್‌ರೇಯೇ, ಡೋಸ್ ಮಾತ್ರ ಬಹಳ ಜಾಸ್ತಿ. ದೊಡ್ಡವರ ಎದೆಯ ಸಿಟಿ ಸುಮಾರು 6ರಿಂದ 7 ಮಿಲಿಸೀವರ್ಟ್. ಮಕ್ಕಳಿಗೆ ಸಿಟಿ ಬರೆದಾಗ, ಅಲ್ಟ್ರಾಸೌಂಡ್‌ನಲ್ಲಿ ಗೊತ್ತಾಗುತ್ತದಾ ಅಂತ ಒಂದು ಮಾತು ಕೇಳಿ. ನನ್ನನ್ನು ಹಾಗೆ ಕೇಳುವ ತಾಯಂದಿರು ನನಗೆ ಇಷ್ಟ.

ಪ್ರಶ್ನೆ: ಮಗು ನಾಣ್ಯ ನುಂಗಿದರೆ ಎಕ್ಸ್‌ರೇ ಬೇಕೇ? ತಾನಾಗಿ ಹೊರಗೆ ಬರುತ್ತದೆ ಅಂತ ಎಲ್ಲರೂ ಹೇಳುತ್ತಾರೆ.

ಬೇಕು. ಅದು ನಾಣ್ಯವೇ ಅಂತ ಹೇಳುವವರು ಯಾರು? ಆಟಿಕೆ, ರಿಮೋಟುಗಳಲ್ಲಿ ಬರುವ ಬಿಲ್ಲೆ ಬ್ಯಾಟರಿಯೂ ಅದೇ ಗಾತ್ರ. ಎಕ್ಸ್‌ರೇಯಲ್ಲಿ ನಾಣ್ಯ ಒಂದೇ ಸಮನಾದ ಬಿಳಿ ಬಿಲ್ಲೆ. ಬ್ಯಾಟರಿಯಾದರೆ ಅಂಚಿನ ಒಳಗೆ ಇನ್ನೊಂದು ಉಂಗುರ ಕಾಣುತ್ತದೆ, ಪಕ್ಕದಿಂದ ತೆಗೆದರೆ ಅಂಚಿನಲ್ಲಿ ಒಂದು ಮೆಟ್ಟಿಲು. ಆ ಒಳ ಉಂಗುರ ಕಂಡ ಕೂಡಲೇ ನಾನು ರಿಪೋರ್ಟ್ ಬರೆಯುತ್ತಾ ಕೂರುವುದಿಲ್ಲ, ನೇರ ಫೋನ್ ಎತ್ತುತ್ತೇನೆ. ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಒದ್ದೆ ಗೋಡೆಯ ಮೂಲಕ ಕರೆಂಟು ಹರಿದು ಅಲ್ಲಿ ಕ್ಷಾರ ಹುಟ್ಟುತ್ತದೆ. ಎರಡೇ ಗಂಟೆಯಲ್ಲಿ ಆಳವಾಗಿ ಸುಡಬಹುದು. ಮಗು ಆಗ ನಗುನಗುತ್ತಾ ಇದ್ದರೂ ಸರಿ, ಕಾಯಬೇಡಿ.

ವಾಂತಿ ಮಾಡಿಸಬೇಡಿ. ತುರ್ತು ವಿಭಾಗದ ಬಾಗಿಲಲ್ಲೇ "ಬ್ಯಾಟರಿ ಇರಬಹುದು" ಅಂತ ಹೇಳಿ. ಅದೇ ಥರದ ಇನ್ನೊಂದು ಬ್ಯಾಟರಿಯೋ ಅದರ ಖಾಲಿ ಪ್ಯಾಕೆಟ್ಟೋ ಕೈಗೆ ಸಿಕ್ಕರೆ ತನ್ನಿ, ಗಾತ್ರ ಗೊತ್ತಾಗುತ್ತದೆ. ಹುಡುಕುತ್ತಾ ಮಾತ್ರ ನಿಲ್ಲಬೇಡಿ.