ಕತ್ತು ನಿಂತಿಲ್ಲ ಎಂದು ಅತ್ತಿಗೆಗೆ ಹೇಳುವುದು ಹೇಗೆ?

ಪ್ರಶ್ನೆ: ನನಗೆ 26 ವರ್ಷ, ಹಾಸನ ಜಿಲ್ಲೆಯವಳು. ಅಮ್ಮ, ಅಣ್ಣ, ಅತ್ತಿಗೆ ಎಲ್ಲ ಒಟ್ಟಿಗೇ ಇದ್ದೇವೆ. ಅಣ್ಣನ ದೊಡ್ಡ ಮಗನಿಗೆ ಐದು ವರ್ಷ, ಆಟಿಸಂ ಇದೆ. ಎರಡನೆಯವಳು ಪುಟ್ಟಿ, ಏಳು ತಿಂಗಳು. ಕೈ ಹಿಡಿದು ಎಬ್ಬಿಸುವಾಗ ಮಗುವಿನ ತಲೆ ಹಿಂದಕ್ಕೆ ವಾಲಿದರೆ ಅದು ಆಟಿಸಂ ಎಂದು ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದೆ. ಅತ್ತಿಗೆ ಸ್ನಾನಕ್ಕೆ ಹೋಗಿದ್ದಾಗ ಪುಟ್ಟಿಗೂ ಹಾಗೆ ಮಾಡಿ ನೋಡಿದೆ. ತಲೆ ಹಿಂದಕ್ಕೇ ಬಿತ್ತು. ಅಮ್ಮನಿಗೆ ಹೇಳಿದರೆ, "ಬಾಯಿ ಮುಚ್ಕೊಂಡಿರು, ದೊಡ್ಡವನ ಚಿಂತೇಲೇ ಅವಳು ಅರ್ಧ ಆಗಿದಾಳೆ. ನಿಮ್ಮಣ್ಣಂಗೂ ಕತ್ತು ನಿಂತಿದ್ದು ತಡವಾಗೇ" ಎಂದರು. ಮಗುವಿಗೆ ಈಗಲೂ ಎದೆಹಾಲು ಮಾತ್ರ. ನಮ್ಮದು ಸಸ್ಯಾಹಾರಿ ಮನೆ, ಅತ್ತಿಗೆ ಬಾಣಂತಿ ಪಥ್ಯವನ್ನು ಇನ್ನೂ ಪೂರ್ತಿ ಬಿಟ್ಟಿಲ್ಲ. ಅಣ್ಣ ಆಗಲೇ ವಾಕರ್ ತಂದಿಟ್ಟಿದ್ದಾನೆ. ನಾದಿನಿ ಬಾಯಲ್ಲಿ ಇಂಥ ಮಾತು ಬಂದರೆ ಕೊಂಕು ತೆಗೆದಂತಾಗುತ್ತದೆ. ಸುಮ್ಮನಿದ್ದರೆ ರಾತ್ರಿ ನಿದ್ದೆ ಬರುವುದಿಲ್ಲ. ಏನು ಮಾಡಲಿ?

ಉತ್ತರ: ಹೇಳಿ. ಈ ವಾರವೇ ಹೇಳಿ. ಆದರೆ ಕತ್ತಿನ ವಿಷಯವನ್ನಷ್ಟೇ ಹೇಳಿ, ಆಟಿಸಂ ಎಂಬ ಮಾತನ್ನು ನೀವಾಗಿ ಎತ್ತಬೇಡಿ. ಕತ್ತನ್ನು ನೀವು ಕಣ್ಣಾರೆ ನೋಡಿದ್ದೀರಿ. ಆಟಿಸಂ ಬಗ್ಗೆ ಹೇಳಲು ಸದ್ಯಕ್ಕೆ ನಿಮ್ಮ ಹತ್ತಿರ ಏನೂ ಇಲ್ಲ.

ಆ ವಿಡಿಯೋ ಸುಳ್ಳು ಹೇಳಿಲ್ಲ, ಅರ್ಧ ಹೇಳಿ ಬಿಟ್ಟಿದೆ. ಅದರ ಮೂಲ ಅಮೆರಿಕದ ಬಾಲ್ಟಿಮೋರಿನ ಕೆನಡಿ ಕ್ರೀಗರ್ ಸಂಸ್ಥೆ 2012ರಲ್ಲಿ ಹೊರತಂದ ಅಧ್ಯಯನ. ನಿಮ್ಮ ಪುಟ್ಟಿಯ ಹಾಗೆ ಆಟಿಸಂ ಇರುವ ಅಣ್ಣನೋ ಅಕ್ಕನೋ ಇದ್ದ 40 ಕೂಸುಗಳನ್ನು ಆರು ತಿಂಗಳ ಆಸುಪಾಸಿನಲ್ಲಿ ಹೀಗೆ ಕೈ ಹಿಡಿದು ಎಬ್ಬಿಸಿ ನೋಡಿದ್ದರು. ಮುಂದೆ ಆಟಿಸಂ ಎಂದು ಗೊತ್ತಾದ ಮಕ್ಕಳಲ್ಲಿ ಶೇ 90ರಷ್ಟು ಮಂದಿಗೆ ತಲೆ ಹಿಂದೆ ಉಳಿದಿತ್ತು. ವಿಡಿಯೋ ಮಾಡಿದವರಿಗೆ ಇಷ್ಟು ಸಾಕಾಯಿತು. ಆಟಿಸಂ ಆಗಲಿ, ಮಾತಿನ ತೊಂದರೆಯಾಗಲಿ ಬಾರದೆ ಸರಾಗವಾಗಿ ಬೆಳೆದ ಮಕ್ಕಳಲ್ಲೂ ಶೇ 35ರಷ್ಟು ಮಂದಿಗೆ ಅದೇ ರೀತಿ ತಲೆ ವಾಲಿತ್ತು. ಅದನ್ನು ಅವರು ಹೇಳಲಿಲ್ಲ. ಅಲ್ಲದೆ, ನಲವತ್ತೇ ಮಕ್ಕಳನ್ನು ನೋಡಿದ ಲೆಕ್ಕ ಇದು.

ಮನೆಯಲ್ಲಿ ಒಂದು ಮಗುವಿಗೆ ಆಟಿಸಂ ಇದ್ದರೆ ಆಮೇಲೆ ಹುಟ್ಟುವ ಮಗುವಿಗೂ ಬರುವ ಸಂಭವ ಹೆಚ್ಚು ಎನ್ನುವುದು ನಿಜ, ಸುಮಾರು ಐದರಲ್ಲಿ ಒಂದು. ಹೆಣ್ಣುಮಕ್ಕಳಲ್ಲಿ ಇನ್ನೂ ಕಡಿಮೆ. ಹಾಗಾಗಿ ಪುಟ್ಟಿಯನ್ನು ಬೇರೆ ಮಕ್ಕಳಿಗಿಂತ ಒಂದಿಷ್ಟು ಹೆಚ್ಚು ನಿಗಾ ಇಟ್ಟು ನೋಡಬೇಕು. ಮೈ ಚಲನೆಯಲ್ಲಿ ಸುಳಿವು ಹುಡುಕುವುದು ಹೊಸದೇನಲ್ಲ. 1943ರಲ್ಲಿ ಆಟಿಸಂ ಬಗ್ಗೆ ಬರೆದು ಹೆಸರಾದ ಲಿಯೋ ಕ್ಯಾನರ್ ಅವರೂ ಬಾಲ್ಟಿಮೋರಿನಲ್ಲೇ ಇದ್ದ ವೈದ್ಯರು. ಎತ್ತಿಕೊಳ್ಳಲು ಹೋದಾಗ ಸಾಮಾನ್ಯವಾಗಿ ಮಗು ಭುಜ ಎತ್ತಿ ಮೈ ಸಜ್ಜು ಮಾಡಿಕೊಳ್ಳುತ್ತದಲ್ಲ, ಆ ಮಕ್ಕಳು ಹಾಗೆ ಮಾಡುತ್ತಿರಲಿಲ್ಲ ಎಂದು ಅವರ ತಾಯಂದಿರು ನೆನಪಿಸಿಕೊಂಡದ್ದನ್ನು ಕ್ಯಾನರ್ ಬರೆದಿಟ್ಟರು. 1998ರಲ್ಲಿ ಫ್ಲಾರಿಡಾದ ಟೈಟಲ್‌ಬಾಮ್ ದಂಪತಿ, ಆಟಿಸಂ ಇದ್ದ 17 ಮಕ್ಕಳ ಹಳೆಯ ಮನೆ ವಿಡಿಯೋಗಳನ್ನು ತರಿಸಿಕೊಂಡು, ಅವರು ಮಗುಚಿದ್ದು, ಕೂತದ್ದು, ಅಂಬೆಗಾಲಿಟ್ಟದ್ದು ಹೇಗೆ ಎಂದು ಬಿಡಿಬಿಡಿಯಾಗಿ ನೋಡಿದರು. ಅವರು ಕಂಡದ್ದೆಲ್ಲ ಆಸಕ್ತಿ ಹುಟ್ಟಿಸುವಂಥದ್ದೇ. ಆದರೂ ಏಳು ತಿಂಗಳ ಮಗುವನ್ನು ಎಬ್ಬಿಸಿ ಕೂರಿಸಿ ಇದು ಆಟಿಸಂ ಎಂದು ಹೇಳಬಲ್ಲ ಡಾಕ್ಟರು ಇವತ್ತಿಗೂ ಇಲ್ಲ. ಭರವಸೆಯಿಂದ ಹೇಳಲು ಒಂದೂವರೆ ಎರಡು ವರ್ಷವಾದರೂ ಆಗಬೇಕು.

ಹಾಗಾದರೆ ಅಲ್ಲಿಯವರೆಗೂ ಕಾಯೋಣ ಎನ್ನುತ್ತಾರೆ ನಿಮ್ಮಮ್ಮ. ನನ್ನ ತಕರಾರು ಅಲ್ಲೇ ಇರುವುದು. ನಾಲ್ಕು ತಿಂಗಳಿಗೆ ನಿಲ್ಲುವ ಕತ್ತು ಏಳಕ್ಕೂ ನಿಲ್ಲದಿದ್ದರೆ ಆಟಿಸಂ ಇರಲಿ ಬಿಡಲಿ, ಕಾರಣ ಹುಡುಕಲೇಬೇಕು. ನಿಮ್ಮ ಪತ್ರ ಓದುವಾಗ ನನಗೆ ಆಟಿಸಂಗಿಂತ ಮೊದಲು ಹೊಳೆದದ್ದು ಬಿ12 ವಿಟಮಿನ್ನಿನ ಕೊರತೆ. ಸಸ್ಯಾಹಾರಿ ಮನೆ, ಪಥ್ಯದಲ್ಲಿರುವ ತಾಯಿ, ಬರೀ ಎದೆಹಾಲು. ಬಿ12 ನಮಗೆ ಸಿಗುವುದು ಹಾಲು, ಮೊಸರು, ಮೊಟ್ಟೆ, ಮಾಂಸದಿಂದ. ಸೊಪ್ಪು, ಕಾಳು, ಅನ್ನದಲ್ಲಿ ಅದು ಇಲ್ಲ. ಪಥ್ಯದ ಹೆಸರಿನಲ್ಲಿ ಮೊಸರನ್ನೂ ಬಿಡಿಸಿ ಮೆಣಸಿನ ಸಾರು ಅನ್ನದಲ್ಲೇ ತಿಂಗಳುಗಟ್ಟಲೆ ಇಟ್ಟರೆ ತಾಯಿಯ ಮೈಯಲ್ಲೇ ಅದು ಇರುವುದಿಲ್ಲ, ಇನ್ನು ಹಾಲಿನಲ್ಲಿ ಎಲ್ಲಿಂದ ಬರಬೇಕು? ಕೂಸು ನೋಡಲು ಗುಂಡುಗುಂಡಾಗಿಯೇ ಇರಬಹುದು. ಆದರೆ ಮೈ ಸಡಿಲ, ಕಣ್ಣಲ್ಲಿ ಮಂಕು, ಮೊದಲಿನ ನಗು ಇರುವುದಿಲ್ಲ. ಕೂದಲು ವಿರಳವಾಗಿ ಕಂದು ತಿರುಗಬಹುದು, ಬೆರಳ ಗೆಣ್ಣುಗಳು ಕಪ್ಪಾಗಬಹುದು, ಕೆಲವು ಮಕ್ಕಳಿಗೆ ಕೈ, ಗಲ್ಲ ನಡುಗುತ್ತವೆ. ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಬೇಗ ಸಿಕ್ಕಿದರೆ ಇಂಜೆಕ್ಷನ್ ಶುರುವಾದ ಕೆಲವೇ ದಿನಗಳಲ್ಲಿ ಮಗು ಕಣ್ಣರಳಿಸಿ ನೋಡತೊಡಗುತ್ತದೆ. ತಡವಾದರೆ ಮಿದುಳಿಗೆ ಆದ ಪೆಟ್ಟು ಪೂರ್ತಿ ವಾಪಸಾಗದೆ ಉಳಿಯಬಹುದು. ಪುಟ್ಟಿಗೆ ಇದೇ ಆಗಿದೆ ಎಂದು ನಾನು ಹೇಳುತ್ತಿಲ್ಲ. ಥೈರಾಯ್ಡ್ ಇರಬಹುದು, ಸ್ನಾಯುವಿನ ತೊಂದರೆ ಇರಬಹುದು, ಏನೂ ಇಲ್ಲದೆಯೂ ಇರಬಹುದು. ಹಾಲು ಕುಡಿದು ತೂಕಡಿಸುವ ಮಗುವನ್ನು ನೀವು ಎಬ್ಬಿಸಿದ್ದರೆ ತಲೆ ಹಿಂದೆ ಬೀಳದೆ ಇನ್ನೇನಾಗುತ್ತದೆ? ದಿನ ತುಂಬುವ ಮೊದಲೇ ಹೆರಿಗೆಯಾಗಿದ್ದರೆ ವಯಸ್ಸನ್ನು ಡಾಕ್ಟರು ಹೆರಿಗೆಯ ದಿನದಿಂದ ಎಣಿಸದೆ, ಹೆರಿಗೆಗೆಂದು ಮೊದಲು ಕೊಟ್ಟಿದ್ದ ತಾರೀಖಿನಿಂದ ಎಣಿಸುತ್ತಾರೆ. ಇವೆಲ್ಲ ಮಕ್ಕಳ ಡಾಕ್ಟರು ಹತ್ತು ನಿಮಿಷ ಕೂತು ನೋಡಿ ಬಿಡಿಸಬೇಕಾದ ಗಂಟು. ಅಂದಹಾಗೆ, ಆರು ತಿಂಗಳು ತುಂಬಿದ ಮೇಲೆ ಎದೆಹಾಲಿನ ಜೊತೆ ರಾಗಿ ಸರಿಯೋ ಬೇರೆಯದೋ ಶುರುವಾಗಬೇಕಿತ್ತು. ಅದನ್ನೂ ಕೇಳಿಕೊಳ್ಳಿ.

ಅತ್ತಿಗೆಯ ಜೊತೆ ಮಾತಾಡುವುದು ಹೇಗೆ? ಅಣ್ಣನ ಕಿವಿಗೆ ಮೊದಲು ಹಾಕಿ ಅವನ ಮೂಲಕ ಹೇಳಿಸುವ ಯೋಚನೆ ಇದ್ದರೆ ಬಿಡಿ. ಮನೆಯವರೆಲ್ಲ ಸೇರಿ ತನ್ನ ಮಗುವಿನ ಬಗ್ಗೆ ಮಾತಾಡಿ ಮುಗಿಸಿದ್ದಾರೆ ಎಂದು ಗೊತ್ತಾದರೆ ಅವರಿಗಾಗುವ ನೋವು ಬೇರೆಯೇ. ಅಮ್ಮ ಎದುರಿಗಿಲ್ಲದಾಗ, ಬಟ್ಟೆ ಮಡಿಸುತ್ತಲೋ ಮಗುವಿಗೆ ಎಣ್ಣೆ ಹಚ್ಚುತ್ತಲೋ ಹೇಳಿ: "ಅತ್ತಿಗೆ, ಪುಟ್ಟಿ ಕತ್ತು ಇನ್ನೂ ಗಟ್ಟಿ ಆದಂಗಿಲ್ಲ ಅಲ್ವಾ? ಡಾಕ್ಟರಿಗೆ ಒಂದ್ಸಲ ತೋರಿಸೋಣ. ದೊಡ್ಡವನನ್ನ ಅವತ್ತು ನಾನು ನೋಡ್ಕೋತೀನಿ." ನನ್ನ ಊಹೆ, ನಿಮಗಿಂತ ಮೊದಲೇ ಅವರು ಗಮನಿಸಿದ್ದಾರೆ. ಮೊದಲ ಮಗುವಿಗೆ ಆಟಿಸಂ ಇರುವ ತಾಯಿ ಎರಡನೆಯದರ ಒಂದೊಂದು ನೋಟವನ್ನೂ ಅಳೆದು ನೋಡಿರುತ್ತಾಳೆ, ಯಾರ ಮುಂದೂ ಬಾಯಿ ಬಿಟ್ಟಿರುವುದಿಲ್ಲ. ಅವರೇ "ಇದಕ್ಕೂ ಅದೇ ಏನೇ?" ಎಂದು ಕೇಳಿದರೆ, ಗೊತ್ತಿಲ್ಲ, ಈಗಲೇ ಯಾರಿಗೂ ಗೊತ್ತಾಗಲ್ಲವಂತೆ ಎಂದು ನಿಜ ಹೇಳಿ. ಕದ್ದು ಪರೀಕ್ಷೆ ಮಾಡಿದ್ದನ್ನೂ ಹೇಳಿಬಿಡಿ, ಮತ್ತೆ ಮಾಡಬೇಡಿ. ಸಿಟ್ಟು ಬಂದರೆ ಬರಲಿ. ಎರಡು ದಿನ ಬಿಟ್ಟು ಇನ್ನೊಮ್ಮೆ ಕೇಳಿ, ಆಗಲೂ ಆಗದಿದ್ದರೆ ಅಣ್ಣನಿಗೆ ಹೇಳಿ. ಒಂಬತ್ತನೇ ತಿಂಗಳ ದಡಾರದ ಚುಚ್ಚುಮದ್ದಿಗೆ ಹೋದಾಗ ತೋರಿಸಿದರಾಯಿತು ಎಂದರೆ ಒಪ್ಪಬೇಡಿ. ಅತ್ತಿಗೆಯ ತವರಿನ ಕಡೆಯಿಂದ ಬಂದದ್ದು ಎಂಬ ಮಾತು ಮನೆಯಲ್ಲಿ ಎದ್ದರೆ ಅಲ್ಲೇ ತಡೆಯುವ ಕೆಲಸವೂ ನಿಮ್ಮದೇ, ಮಗಳ ಮಾತನ್ನು ತಾಯಿ ಕೇಳುತ್ತಾರೆ. ಮಗುವಿಗೆ ಬರುವುದು ಅಪ್ಪ ಅಮ್ಮ ಇಬ್ಬರ ಜೀನುಗಳೂ.

ಹೋಗುವಾಗ ತಾಯಿ ಕಾರ್ಡ್, ಹೆರಿಗೆಯ ಡಿಸ್ಚಾರ್ಜ್ ಚೀಟಿ ಇರಲಿ. ಪುಟ್ಟಿ ಎಚ್ಚರವಾಗಿ ಆಡುವಾಗಿನ ಒಂದೆರಡು ನಿಮಿಷದ ವಿಡಿಯೋವನ್ನು ಅತ್ತಿಗೆಯೇ ತೆಗೆದುಕೊಳ್ಳಲಿ, ಆಸ್ಪತ್ರೆಯಲ್ಲಿ ಅತ್ತುಬಿಡುವ ಮಗುವಿನ ವಿಷಯದಲ್ಲಿ ಅದು ಡಾಕ್ಟರಿಗೆ ತುಂಬ ಸಹಾಯ. ಕುಟುಂಬದ ವಾಟ್ಸಾಪ್ ಗುಂಪಿಗೆ ಮಾತ್ರ ಹಾಕಬೇಡಿ. ಡಾಕ್ಟರು ಫಿಸಿಯೋಥೆರಪಿ ಹೇಳಿದರೆ ರೋಗದ ಹೆಸರು ಸಿಗುವವರೆಗೆ ಕಾಯದೆ ಶುರು ಮಾಡಬಹುದು. ಜಿಲ್ಲಾಸ್ಪತ್ರೆಯಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದವರನ್ನು ವಿಚಾರಿಸಿ. ಬೆಳವಣಿಗೆ ತಡವಾದ ಮಕ್ಕಳನ್ನೂ ನೋಡಿಕೊಳ್ಳುವ, 2013ರಿಂದ ಇರುವ ಸರ್ಕಾರಿ ಯೋಜನೆ ಅದು. ವರ್ಷ ತುಂಬುವ ಹೊತ್ತಿಗೆ ಹೆಸರು ಕರೆದರೆ ತಿರುಗದಿದ್ದರೆ, ತೊದಲು ಇಲ್ಲದಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿ, ಮೊದಲು ಕಿವಿ ಪರೀಕ್ಷೆ ಮಾಡಿಸಿ. ಕಲಿತಿದ್ದನ್ನು ಮಗು ಯಾವಾಗಲಾದರೂ ಮರೆಯತೊಡಗಿದರೆ, ನಗುತ್ತಿದ್ದದ್ದು ನಿಲ್ಲಿಸಿದರೆ, ಅವತ್ತೇ ಹೊರಡಿ.

ವಾಕರ್ ಅಟ್ಟಕ್ಕೆ ಹೋಗಲಿ. ಕೆನಡಾ ದೇಶ 2004ರಲ್ಲೇ ಅದರ ಮಾರಾಟ ನಿಲ್ಲಿಸಿತು, ಅಷ್ಟು ಮಕ್ಕಳು ಮೆಟ್ಟಿಲಿಂದ ಉರುಳಿ ಬಿದ್ದಿದ್ದರು. ಕತ್ತೇ ನಿಲ್ಲದ ಮಗುವಿಗಂತೂ ಅದು ಬೇಡವೇ ಬೇಡ. ನೆಲದ ಮೇಲೆ ಚಾಪೆ ಹಾಸಿ, ಎಚ್ಚರವಿದ್ದಾಗ ದಿನಕ್ಕೆ ನಾಲ್ಕಾರು ಸಲ ಬೋರಲು ಮಲಗಿಸಿ, ಎದುರಿಗೆ ಯಾರಾದರೂ ಕೂತು ಮಾತಾಡಿಸುತ್ತಿರಿ. ದೊಡ್ಡವನಿಗೆ ಇಷ್ಟವಾದರೆ ಅವನೂ ಕೂರಲಿ.