ಸೈಕಲ್ ಪ್ರಶ್ನೋತ್ತರ: ಗರಸು ದಾರಿ, ಕೆರೆ ಏರಿ, ಜಾಲಿ ಮುಳ್ಳು

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಗ್ರಾವೆಲ್ ಬೈಕ್, ಅಂದರೆ ಮಣ್ಣು ದಾರಿಗೂ ಹೊಂದುವ ಸೈಕಲ್ ಬಗ್ಗೆಯೇ ಇವೆ. ಅದರಲ್ಲೂ ಚಿಕ್ಕಬಳ್ಳಾಪುರದ ಸುತ್ತ ಎಲ್ಲಿ ಓಡಿಸಬೇಕು ಅನ್ನೋದೇ ಜಾಸ್ತಿ. ನಾನೂ ಇದೇ ಊರಿನವನು. ಹಾಗಾಗಿ ಉತ್ತರ ಒಂಚೂರು ಉದ್ದವಾದರೆ ಸಹಿಸಿಕೊಳ್ಳಿ.

ಪ್ರಶ್ನೆ: ಗೆಳೆಯರೆಲ್ಲ ಲಕ್ಷಗಟ್ಟಲೆ ಕೊಟ್ಟು ಗ್ರಾವೆಲ್ ಬೈಕ್ ತಗೊಂಡಿದ್ದಾರೆ. ನನ್ನ ಹತ್ತಿರ ಐದು ವರ್ಷದ ಹಳೇ ಹೈಬ್ರಿಡ್ ಸೈಕಲ್ ಇದೆ. ಅದರಲ್ಲೇ ಹೋಗಬಹುದಾ ಸರ್? (ಗೌರಿಬಿದನೂರಿನ ಓದುಗರು)

ಹೋಗಬಹುದು. ಗ್ರಾವೆಲ್ ಅಂದರೆ ನಮ್ಮ ಗರಸು ಮಣ್ಣು, ಅಷ್ಟೇ. ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಹೋಗುವ ಅಟ್ಲಾಸ್ ಸೈಕಲ್ಲುಗಳು ಆ ದಾರಿಯಲ್ಲಿ ಎಷ್ಟೋ ವರ್ಷಗಳಿಂದ ಓಡಾಡುತ್ತಿವೆ. ಗ್ರಾವೆಲ್ ಬೈಕಿಗೆ ಬಾಗಿದ ಹ್ಯಾಂಡಲ್, ಡಿಸ್ಕ್ ಬ್ರೇಕ್, 38ರಿಂದ 45 ಮಿ.ಮೀ. ಅಗಲದ ಟೈರು ಇರುತ್ತವೆ, ಏರು ಹತ್ತಲು ಹಗುರವಾದ ಗೇರೂ ಇರುತ್ತದೆ. ಇದರಲ್ಲಿ ನಿಮ್ಮ ಕೆಲಸಕ್ಕೆ ಬರುವುದು ಟೈರು. ನಿಮ್ಮ ಫ್ರೇಮಿನಲ್ಲಿ 38 ಅಥವಾ 40ರ ಟೈರು ಕೂರುತ್ತದಾ ಅಂತ ಅಂಗಡಿಯಲ್ಲಿ ಅಳತೆ ನೋಡಿಸಿ ಹಾಕಿಸಿಕೊಳ್ಳಿ.

ಆಮೇಲೆ ಗಾಳಿ. ಪಂಕ್ಚರ್ ಅಂಗಡಿಯವರು ಟೈರನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ, ಕಲ್ಲಿನ ಹಾಗಾಗುವ ತನಕ ತುಂಬಿಸುತ್ತಾರೆ. ಬೇಡ ಅನ್ನಿ. 70 ಕೆ.ಜಿ. ತೂಕದವರಿಗೆ 40ರ ಟೈರಿನಲ್ಲಿ 35ರಿಂದ 40 ಪಿ.ಎಸ್.ಐ. (ಗಾಳಿಯ ಒತ್ತಡದ ಅಳತೆ) ಸಾಕು. ಜಾಸ್ತಿ ಹಾಕಿದರೆ ಒಂದೊಂದು ಕಲ್ಲೂ ಮಣಿಕಟ್ಟಿಗೆ ಬಡಿಯುತ್ತದೆ. ತೀರಾ ಕಡಿಮೆ ಆದರೆ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಹಾವು ಕಚ್ಚಿದಂತೆ ಎರಡು ತೂತು ಬೀಳುತ್ತವೆ.

ಪ್ರಶ್ನೆ: ನಂದಿ ಬೆಟ್ಟ ಹತ್ತಿ ಇಳಿದು ಬೇಜಾರಾಗಿದೆ. ಚಿಕ್ಕಬಳ್ಳಾಪುರದಿಂದ ಹೊರಟು ಹಳ್ಳಿ, ಗುಡಿ, ತೋಟ ಎಲ್ಲಾ ಸಿಗುವ ಹಾಗೆ ಅರ್ಧ ದಿನದ ದಾರಿ ಹೇಳಿ. (ಯಲಹಂಕದ ಓದುಗರು)

ನೀವೊಬ್ಬರೇ ಅಲ್ಲ, ಭಾನುವಾರ ಬೆಳಗ್ಗೆ ಬೆಂಗಳೂರಿನ ಅರ್ಧ ಸೈಕಲ್ಲುಗಳು ಆ 1,478 ಮೀಟರಿನ ತುದಿಯಲ್ಲೇ ಇರುತ್ತವೆ. ಹತ್ತುವುದು, ಫೋಟೊ, ಇಳಿಯುವುದು. ಬೆಟ್ಟದ ಬುಡದಲ್ಲಿ ಏನಿದೆ ಅಂತ ತಿರುಗಿ ನೋಡುವವರು ಕಡಿಮೆ.

ಚಿಕ್ಕಬಳ್ಳಾಪುರದಿಂದ ನಂದಿ ಗ್ರಾಮ, ಅಲ್ಲಿಂದ ಮುದ್ದೇನಹಳ್ಳಿ, ಮತ್ತೆ ವಾಪಸ್. ಡಾಂಬರಿನಲ್ಲಿ ಹೋದರೆ 20 ಕಿ.ಮೀ. ಆಸುಪಾಸು. ಮಣ್ಣು ದಾರಿ ಹುಡುಕಿಕೊಂಡು ಹೋದರೆ 30 ದಾಟುತ್ತದೆ. ಹುಡುಕುವುದಕ್ಕೆ ನನ್ನದೊಂದು ಉಪಾಯ ಇದೆ. ಫೋನಿನ ಮ್ಯಾಪಿನಲ್ಲಿ ದಾರಿ ನೋಡಬೇಡಿ, ಕೆರೆ ನೋಡಿ. ಈ ಸೀಮೆಯಲ್ಲಿ ವರ್ಷಪೂರ್ತಿ ಹರಿಯುವ ಹೊಳೆ ಇಲ್ಲ. ಹಿಂದಿನವರು ಕೆರೆ ಕಟ್ಟಿಕೊಂಡು ಬದುಕಿದರು, ಒಂದು ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ ಹೋಗುತ್ತದೆ. ಊರು ಹುಟ್ಟಿದ್ದೂ, ಗುಡಿ ಎದ್ದದ್ದೂ ಕೆರೆ ಪಕ್ಕದಲ್ಲೇ. ಹಾಗಾಗಿ ಒಂದು ಏರಿ ಹಿಡಿದು ಹೋಗಿ ಕೋಡಿ ಹತ್ತಿರ ನಿಂತರೆ ಮುಂದಿನ ಊರಿಗೆ ಬಂಡಿದಾರಿ ಇದ್ದೇ ಇರುತ್ತದೆ. ಏರಿಯ ಮೇಲೆ ಗರಸು ಗಟ್ಟಿಯಾಗಿ ಕೂತಿರುತ್ತದೆ, ಏರಿಳಿತ ಇಲ್ಲ, ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆ, ತೋಟ. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಬರಲು ಶುರುವಾದ ಮೇಲೆ ನಮ್ಮ ಹಲವು ಕೆರೆಗಳಲ್ಲಿ ನೀರು ಕಾಣುತ್ತಿದೆ. ನಾನು ಹುಡುಗನಾಗಿದ್ದಾಗ ಅದೇ ಕೆರೆಯ ಅಂಗಳದಲ್ಲಿ ಕ್ರಿಕೆಟ್ ಆಡಿದ್ದೇವೆ.

ನಂದಿಯಲ್ಲಿ ಭೋಗನಂದೀಶ್ವರನ ಗುಡಿಗೆ ಕನಿಷ್ಠ ಒಂದು ಗಂಟೆ ಕೊಡಿ. ಸುಮಾರು 806ರ ಶಾಸನದಲ್ಲೇ ಇದರ ಹೆಸರಿದೆ, ನೊಳಂಬರ ಕಾಲದ್ದು. ಆಮೇಲೆ ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬೊಬ್ಬರು ಒಂದೊಂದು ಸೇರಿಸುತ್ತಾ ಹೋದರು. ಅರುಣಾಚಲೇಶ್ವರ ಮತ್ತು ಭೋಗನಂದೀಶ್ವರ ಎರಡೂ ಒಂದೇ ಅಂಗಳದಲ್ಲಿವೆ, ನಡುವೆ ಪುಟ್ಟ ಉಮಾಮಹೇಶ್ವರನ ಗುಡಿ. ಅದರ ಮುಂದಿನ ಕಲ್ಯಾಣ ಮಂಟಪದ ಕರಿಕಲ್ಲಿನ ಕಂಬದ ಮುಂದೆ ಕೂತು ನೋಡಿ. ಬಳ್ಳಿ, ಅದರಲ್ಲಿ ಗಿಳಿ, ಗಿಳಿಯ ಕೊಕ್ಕು ಕೂಡ ಇನ್ನೂ ಚೂಪಾಗಿದೆ. ಶೃಂಗಿ ತೀರ್ಥ ಅನ್ನುವ ಕಲ್ಯಾಣಿಯ ಮೆಟ್ಟಿಲು ಬೆಳಗ್ಗೆ ತಣ್ಣಗಿರುತ್ತದೆ. ಸೈಕಲ್ ಶೂ ಬಿಚ್ಚಿ ಕಾಲಿಟ್ಟರೆ ಹಾಯ್ ಅನಿಸುತ್ತದೆ. ಬೆಟ್ಟದ ಮೇಲಿರುವವನು ಯೋಗನಂದೀಶ್ವರ, ಅವನು ವೈರಾಗ್ಯದ ಶಿವ, ಅಲ್ಲಿ ಹಬ್ಬದ ಗದ್ದಲ ಇಲ್ಲ. ಭೋಗ ಎಲ್ಲಾ ಕೆಳಗೇ. ಬೆಟ್ಟ ಹತ್ತಿ ಬೇಜಾರಾಯಿತು ಅಂದಿರಲ್ಲ, ಕಾರಣ ಇದೇ ಇರಬೇಕು.

ನಂದಿಯಿಂದ ಮುದ್ದೇನಹಳ್ಳಿಗೆ ಹೋಗುವಾಗ ಬೆಟ್ಟದ ಸಾಲು ಎಡಕ್ಕೆ. ದಾರಿಯುದ್ದಕ್ಕೂ ದ್ರಾಕ್ಷಿ ಚಪ್ಪರ, ಗುಲಾಬಿ, ಸೇವಂತಿಗೆ. ಬೆಂಗಳೂರು ಬ್ಲೂ ಅನ್ನುವ ಆ ಕಪ್ಪು ದ್ರಾಕ್ಷಿ ಕೊಯ್ಲಿಗೆ ಬಂದಿದ್ದರೆ ವಾಸನೆಗೇ ಗೊತ್ತಾಗುತ್ತದೆ. ಮುದ್ದೇನಹಳ್ಳಿ ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಊರು. ಮನೆ ಈಗ ವಸ್ತುಸಂಗ್ರಹಾಲಯ. 1962ರಲ್ಲಿ ತೀರಿಕೊಂಡ ಅವರ ಸಮಾಧಿಯೂ ಇಲ್ಲೇ ಇದೆ. ಒಳಗೆ ನೋಡಲು ಹೆಚ್ಚು ಹೊತ್ತು ಬೇಡ, ಆದರೆ ಆ ಚಿಕ್ಕ ಮನೆ ನೋಡಬೇಕು. ಹತ್ತಿರದ ಸ್ಕಂದಗಿರಿ ಬೆಟ್ಟದ ಕಡೆಗೆ ಮಾತ್ರ ಸುಮ್ನೆ ಸೈಕಲ್ ತಿರುಗಿಸಬೇಡಿ, ಅದು ಅರಣ್ಯ ಇಲಾಖೆಯ ಜಾಗ, ಮೊದಲೇ ಅನುಮತಿ ಬೇಕು.

ಪ್ರಶ್ನೆ: ಶಿಡ್ಲಘಟ್ಟದ ಕಡೆ ಮಣ್ಣು ದಾರಿಯಲ್ಲಿ ಹೋಗುತ್ತಿದ್ದಾಗ ರೈತರೊಬ್ಬರು ಜೋರಾಗಿ ಬೈದರು. ನಾನು ಯಾರ ಬೆಳೆಯನ್ನೂ ತುಳಿದಿಲ್ಲ. ತಪ್ಪೇನು? (ದೇವನಹಳ್ಳಿಯ ಓದುಗರು)

ಎಷ್ಟು ಜನ ಇದ್ದಿರಿ, ಎಷ್ಟು ವೇಗದಲ್ಲಿದ್ದಿರಿ ಅಂತ ಬರೆದಿಲ್ಲ. ಹಿಪ್ಪುನೇರಳೆ ತೋಟದ ಪಕ್ಕ ಎಂಟು–ಹತ್ತು ಸೈಕಲ್ ರೊಯ್ಯನೆ ಹೋದರೆ ಧೂಳು ಸೊಪ್ಪಿನ ಮೇಲೆ ಕೂರುತ್ತದೆ. ಧೂಳು ಹಿಡಿದ ಸೊಪ್ಪನ್ನು ರೇಷ್ಮೆ ಹುಳು ಸರಿಯಾಗಿ ಮೇಯುವುದಿಲ್ಲ. ಹುಳು ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆಗೆ (ಬಿದಿರಿನ ತಟ್ಟೆಗೆ) ಹಾಕುವ ದಿನಗಳಲ್ಲಿ ಆ ಮನೆಯವರಿಗೆ ನಿದ್ದೆಯೇ ಇರುವುದಿಲ್ಲ, ಬೈಗುಳ ಬಾಯಿ ತುದಿಯಲ್ಲೇ ಇರುತ್ತದೆ. ನಿಧಾನಕ್ಕೆ, ಒಬ್ಬರ ಹಿಂದೆ ಒಬ್ಬರು ಹೋಗಿ. ಹುಳು ಮನೆ ನೋಡಬೇಕು ಅನಿಸಿದರೂ ಒಳಗೆ ನುಗ್ಗಬೇಡಿ, ಹೊರಗಿನವರ ಕಾಲಲ್ಲಿ ರೋಗ ಬರುತ್ತದೆ ಅಂತ ಅವರೇ ಒಳಗೆ ಹೋಗುವಾಗ ಕಾಲು ತೊಳೆದು ಹೋಗುತ್ತಾರೆ.

ಇನ್ನೊಂದು ವಿಷಯ. ಕಾಣುವ ದಾರಿಯೆಲ್ಲ ದಾರಿಯಲ್ಲ. ಗ್ರಾಮ ನಕಾಶೆಯಲ್ಲಿ ಗುರುತಿಸಿದ ಬಂಡಿದಾರಿ, ಕಾಲುದಾರಿಯಲ್ಲಿ ಎಲ್ಲರೂ ಓಡಾಡಬಹುದು. ಊರಲ್ಲಿ ಇದನ್ನೇ ನಕಾಶೆ ದಾರಿ ಅನ್ನುತ್ತಾರೆ. ಬದುವಿನ ಮೇಲಿನ ಜಾಡು ಹಾಗಲ್ಲ, ಅದು ಹೊಲದವರದು. ಅನುಮಾನ ಬಂದರೆ "ಯಜಮಾನ್ರೇ, ಇದು ನಕಾಶೆ ದಾರೀನಾ?" ಅಂತ ಕೇಳಿ. ಈ ಮಾತು ಗೊತ್ತಿರುವವನನ್ನು ಯಾರೂ ಬೈದಿದ್ದು ನಾನು ಕಂಡಿಲ್ಲ, ಎರಡು ಸಲ ಎಳನೀರು ಕೂಡ ಸಿಕ್ಕಿದೆ.

ಪ್ರಶ್ನೆ: ಒಂದೇ ದಿನ ಮೂರು ಪಂಕ್ಚರ್. ಟೈರು ಹೊಸದು. ಅಂಗಡಿಯವರು ಮೋಸ ಮಾಡಿದರಾ? (ಚಿಂತಾಮಣಿಯ ಓದುಗರು)

ಮೋಸ ಮಾಡಿದ್ದು ಜಾಲಿ. ಬಳ್ಳಾರಿ ಜಾಲಿ ನಮ್ಮ ಕೆರೆ ಅಂಗಳ, ಗೋಮಾಳ ಎಲ್ಲಾ ಕಡೆ ಹಬ್ಬಿದೆ. ಬೇಲಿಗೆ ಅಂತ ಕಡಿದು ಎಳೆದುಕೊಂಡು ಹೋದ ದಾರಿಯಲ್ಲಿ ಮುಳ್ಳು ಉದುರಿರುತ್ತದೆ, ಒಣಗಿದ್ದು ಮಣ್ಣಿನ ಬಣ್ಣಕ್ಕೇ ತಿರುಗಿ ಕಾಣುವುದೇ ಇಲ್ಲ.

ಹೋದ ಬೇಸಿಗೆಯಲ್ಲಿ ನನಗೂ ಹೀಗೇ ಆಯಿತು. ಏರಿ ಮೇಲೆ ಹಿಂದಿನ ಚಕ್ರ ಕೂತಿತು, ಟ್ಯೂಬು ಬದಲಿಸಿದೆ. ಅರ್ಧ ಕಿ.ಮೀ. ಹೋಗುವಷ್ಟರಲ್ಲಿ ಮತ್ತೆ ಕೂತಿತು, ಪ್ಯಾಚು ಹಾಕಿದೆ. ಮೂರನೇ ಸಲ ಕೂತಾಗ ಪ್ಯಾಚು ಮುಗಿದಿತ್ತು, ಮಟಮಟ ಮಧ್ಯಾಹ್ನ ಸೈಕಲ್ ತಳ್ಳಿಕೊಂಡು ನಾಲ್ಕು ಕಿ.ಮೀ. ನಡೆದೆ. ಮೂರಕ್ಕೂ ಕಾರಣ ಒಂದೇ ಮುಳ್ಳು. ಟೈರಿನ ಒಳಗೆ ಸಾಸಿವೆಯಷ್ಟು ತುದಿ ಮುರಿದು ಕೂತಿತ್ತು, ಬರಿಗಣ್ಣಿಗೆ ಕಾಣದು. ಅದಕ್ಕೇ ಟ್ಯೂಬು ಬದಲಿಸುವ ಮೊದಲು ಟೈರಿನ ಒಳಮೈಯಲ್ಲಿ ಬೆರಳನ್ನು ನಿಧಾನಕ್ಕೆ ಆಡಿಸಿ. ಬೆರಳಿಗೆ ಚುಚ್ಚುತ್ತದೆ, ಚುಚ್ಚಲಿ ಬಿಡಿ. ಜೇಬಿನಲ್ಲಿ ಬಟ್ಟೆ ಇದ್ದರೆ ಅದನ್ನೇ ಆಡಿಸಿದರೂ ಆಗುತ್ತದೆ, ನೂಲು ಸಿಕ್ಕಿಕೊಂಡ ಕಡೆ ಮುಳ್ಳಿದೆ. ಕೀಳಲು ಒಂದು ಚಿಮಟ ಇಟ್ಟುಕೊಳ್ಳಿ.

ಟ್ಯೂಬ್‌ಲೆಸ್ ಮಾಡಿಸಿದರೆ ಈ ಕಾಟ ತುಂಬಾ ಕಡಿಮೆ, ಒಳಗಿನ ಸೀಲೆಂಟ್ ಅನ್ನುವ ಅಂಟು ದ್ರವ ಸಣ್ಣ ತೂತನ್ನು ತಾನೇ ಮುಚ್ಚುತ್ತದೆ. ಆದರೆ ನಮ್ಮ ಬಿಸಿಲಿಗೆ ಅದು ಒಣಗುತ್ತದೆ, ಎರಡು–ಮೂರು ತಿಂಗಳಿಗೊಮ್ಮೆ ತೆಗೆದು ನೋಡಿ ಮತ್ತೆ ತುಂಬಿಸಬೇಕು.

ಪ್ರಶ್ನೆ: ಎರಡು ದಿನದ ಸವಾರಿಗೆ ಗುಡಿಬಂಡೆ, ವಿದುರಾಶ್ವತ್ಥ ಸೇರಿಸಬಹುದಾ? ಯಾವ ತಿಂಗಳು ಒಳ್ಳೆಯದು? (ತುಮಕೂರಿನ ಓದುಗರು)

ಸೇರಿಸಬಹುದು, ದಿನಕ್ಕೆ 40 ಕಿ.ಮೀ. ಸುತ್ತ ಇಟ್ಟುಕೊಳ್ಳಿ. ಚಿಕ್ಕಬಳ್ಳಾಪುರದಿಂದ ಪೇರೇಸಂದ್ರದ ತನಕ ಹೆದ್ದಾರಿಯ ಸರ್ವಿಸ್ ರಸ್ತೆಗಿಂತ ಒಳಗಿನ ಹಳ್ಳಿ ದಾರಿಯೇ ವಾಸಿ. ಕ್ರಷರ್ ಇರುವ ಕಡೆ ಮಾತ್ರ ಬೇಡ, ಟಿಪ್ಪರ್ ಓಡುವ ದಾರಿಯಲ್ಲಿ ಸಡಿಲ ಜಲ್ಲಿ ಬಿದ್ದು ಚಕ್ರ ಜಾರುತ್ತದೆ. ಗುಡಿಬಂಡೆ ಕೋಟೆ ಪಾಳೆಯಗಾರ ಬೈರೇಗೌಡನದು, 17ನೇ ಶತಮಾನದ್ದು. ಬಂಡೆಯ ಸಂದಿನಲ್ಲಿ ಮಳೆನೀರು ಹಿಡಿಯುವ ದೊಣೆಗಳಿವೆ. ಮೇಲಿಂದ ನೋಡಿದರೆ ಬೈರಸಾಗರ ಕೆರೆ ಭಾರತದ ನಕ್ಷೆಯ ಹಾಗೆ ಕಾಣುತ್ತದೆ ಅನ್ನುತ್ತಾರೆ, ನನಗೆ ಅರ್ಧ ಕಂಡಿತು. ಆ ಕಡೆ ದಾರಿ ಕೇಳಿದರೆ ಅಜ್ಜಂದಿರು ತೆಲುಗಿನಲ್ಲೇ "ದಗ್ಗರೇ" ಅಂತಾರೆ, ಹತ್ತಿರ ಅಂತ ಅರ್ಥ. ಐದು ಕಿ.ಮೀ. ಲೆಕ್ಕ ಹಾಕಿಕೊಳ್ಳಿ.

ವಿದುರಾಶ್ವತ್ಥದಲ್ಲಿ ಸಾವಿರಾರು ನಾಗರಕಲ್ಲುಗಳಿವೆ. ಹಳೇ ಅಶ್ವತ್ಥ ಮರ 2001ರಲ್ಲಿ ಬಿತ್ತು. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ ಜಾಗ ಅದೇ. ಹುತಾತ್ಮರ ಸ್ಮಾರಕದ ಮುಂದೆ ಹೆಲ್ಮೆಟ್ ತೆಗೆದು ಒಂದು ನಿಮಿಷ ನಿಲ್ಲಿ.

ತಿಂಗಳು: ನವೆಂಬರ್‌ನಿಂದ ಫೆಬ್ರವರಿ. ಮಳೆ ಬಿದ್ದ ಮಾರನೇ ದಿನ ಕೆರೆ ಅಂಗಳಕ್ಕೆ ಇಳಿಯಬೇಡಿ, ಗೋಡುಮಣ್ಣು ಚಕ್ರಕ್ಕೂ ಬ್ರೇಕಿಗೂ ನಡುವೆ ಮುದ್ದೆಯಂತೆ ಕೂರುತ್ತದೆ. ಡಿಸೆಂಬರ್, ಜನವರಿಯಲ್ಲಿ ಹಳ್ಳಿ ರಸ್ತೆ ಮೇಲೆ ರಾಗಿ, ಹುರುಳಿ ಒಕ್ಕಣೆಗೆ ಹರವಿರುತ್ತಾರೆ. ಕಾರು ಹತ್ತಿಸಲಿ ಅಂತಲೇ ಹಾಕಿರುತ್ತಾರೆ, ನೀವು ಹತ್ತಿಸಬೇಡಿ. ಹುರುಳಿ ಬಳ್ಳಿ ಹಿಂದಿನ ಗೇರಿಗೆ ಸುತ್ತಿಕೊಂಡರೆ ಬಿಡಿಸಲು ಅರ್ಧ ಗಂಟೆ ಬೇಕು, ಸುತ್ತ ನಿಂತ ಮಕ್ಕಳ ನಗು ಬೇರೆ.